ಕೊಂಬೆಗೆ ಕಟ್ಟಿದ ಒಣ ಚೀಲ

ಹೆಂಡತಿಯನ್ನು ಸುಟ್ಟು ಬಂದ ದಿನ ಸಂಜೆ ನಾನು ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಮಣಿಗಳ ನೀರು ಬದಲಾಯಿಸಿ ಬಂದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನೀರು ಬದಲಾಯಿಸದಿದ್ದರೆ ಮಣಿಗಳು ಕೆಟ್ಟು ನಾರುತ್ತವೆ, ಎರಡು ತಿಂಗಳ ಕೆಲಸ ಹಾಳಾಗುತ್ತದೆ, ಅದಕ್ಕೆ ಹೋದೆ. ಬೀಗ ತೆಗೆದೆ, ಹಳೆಯ ನೀರು ಚೆಲ್ಲಿದೆ, ಹೊಸ ನೀರು ತುಂಬಿದೆ, ಬೀಗ ಹಾಕಿದೆ. ವಾಪಸು ಬರುವಾಗ ಪಾಂಡವಪುರದ ಐದು ದೀಪದ ವೃತ್ತದ ಹತ್ತಿರ ಬೇಕರಿಯಲ್ಲಿ ನಿಂತು ಒಂದು ಬನ್ನು ತಿಂದೆ. ಬನ್ನು ಚೆನ್ನಾಗಿತ್ತು. ಚೆನ್ನಾಗಿದೆ ಅನ್ನಿಸಿದ್ದಕ್ಕೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಮನೆಗೆ ಬಂದರೆ ಹೆಂಗಸರು ಇನ್ನೂ ಅಳುತ್ತಿದ್ದರು. ಅವರನ್ನು ದಾಟಿಕೊಂಡು ಒಳಗೆ ಹೋಗಿ ಕೈಕಾಲು ತೊಳೆದೆ.

ನಾನು ರಸಾಯನಶಾಸ್ತ್ರದ ಮೇಷ್ಟರು. ಪಾಠ ಮಾಡುವುದು ಹೊಟ್ಟೆಪಾಡು. ನನ್ನನ್ನು ಇಷ್ಟು ವರ್ಷ ಕಟ್ಟಿಹಾಕಿದ್ದು ಈ ಮಣಿಗಳು. ಸೀಗಡಿಯ ಚಿಪ್ಪಿನಿಂದ ಒಂದು ಬಗೆಯ ಪಾಲಿಮರ್ ತೆಗೆಯುತ್ತಾರೆ, ಪುಡಿಯಾಗಿ ಸಿಗುತ್ತದೆ. ಅದನ್ನು ಹುಳಿನೀರಿನಲ್ಲಿ ಕರಗಿಸಿದರೆ ಗಂಜಿಯ ಹಾಗಾಗುತ್ತದೆ. ಆ ಗಂಜಿಯನ್ನು ಸಿರಿಂಜಿಗೆ ತುಂಬಿ ಕ್ಷಾರದ ನೀರಿಗೆ ಹನಿಹನಿಯಾಗಿ ಬಿಟ್ಟರೆ, ಪ್ರತಿ ಹನಿಯೂ ಬಿದ್ದಲ್ಲೇ ಗಟ್ಟಿಯಾಗಿ ನೆನೆಸಿದ ಸಬ್ಬಕ್ಕಿಯಂಥ ಮಣಿಯಾಗುತ್ತದೆ. ಪಾಲಿಮರ್ ಎಂದರೆ ಉದ್ದನೆಯ ಸರಪಳಿ. ಆ ಸರಪಳಿಯ ಉದ್ದಕ್ಕೂ ನೀರಿನಲ್ಲಿರುವ ತಾಮ್ರ, ಸೀಸದಂಥ ಲೋಹಗಳು ಅಂಟಿಕೊಳ್ಳುವ ಜಾಗಗಳಿವೆ. ಅದೇ ಮಣಿಯನ್ನು ಪಟಿಕದ ನೀರಿನಲ್ಲಿ ನೆನೆಸಿ ಹದ ಮಾಡಿದರೆ ಫ್ಲೋರೈಡನ್ನೂ ಸ್ವಲ್ಪಮಟ್ಟಿಗೆ ಹಿಡಿಯುತ್ತದೆ. ಇಷ್ಟೇ ವಿದ್ಯೆ. ಇದನ್ನು ಕೇಳಿದವರೆಲ್ಲ ಕೂಡಲೇ ಮಣಿಯನ್ನು ಮನುಷ್ಯನ ಮನಸ್ಸಿಗೆ ಹೋಲಿಸಲು ಹೊರಡುತ್ತಾರೆ. ಅಂಥವರನ್ನು ಕಂಡರೆ ನನಗಾಗದು. ಮಣಿ ಮಣಿಯೇ.

ಮಣಿಗಳನ್ನು ಹಾಗೇ ನೀರಿಗೆ ಸುರಿಯಲಾಗುವುದಿಲ್ಲ. ಬಟ್ಟೆಯ ಚೀಲಕ್ಕೆ ತುಂಬಿ, ಬಾಯಿ ಬಿಗಿದು, ನೈಲಾನ್ ದಾರದಿಂದ ದಡದ ಮರಕ್ಕೆ ಕಟ್ಟಿ ನೀರಿನಲ್ಲಿ ಇಳಿಬಿಡಬೇಕು. ಹದಿನೈದು ದಿನ ಬಿಟ್ಟು ಎತ್ತಿ ತಂದು, ಏನೇನು ಹಿಡಿದಿದೆ ಎಂದು ನೋಡಬೇಕು. ಆ ಚೀಲಗಳನ್ನು ಹೊಲಿದುಕೊಡುತ್ತಿದ್ದವಳು ನನ್ನ ಹೆಂಡತಿ. ನನ್ನ ಹಳೆಯ ಬಿಳಿ ಪಂಚೆಗಳನ್ನು ಹರಿದು ಅಂಗೈಯಗಲದ ಚೀಲ ಮಾಡಿ ಬಾಯಿಗೆ ಲಾಡಿ ಏರಿಸುತ್ತಿದ್ದಳು. ಪ್ರತಿ ಜಾಗಕ್ಕೂ ಎರಡು ಬೇಕು. ಒಂದು ನೀರಿನೊಳಗೆ. ಇನ್ನೊಂದು ನೀರು ಸೋಕದ ಹಾಗೆ ಅದೇ ಮರದ ಕೊಂಬೆಗೆ. ಗಾಳಿಯಿಂದಲೋ ದೂಳಿನಿಂದಲೋ ನನ್ನ ಕೈಯಿಂದಲೋ ಏನಾದರೂ ಸೇರಿದ್ದರೆ ಅದು ಈ ಒಣ ಚೀಲದಲ್ಲಿ ಗೊತ್ತಾಗುತ್ತದೆ. ಅದನ್ನು ಕಳೆದರೆ ಉಳಿದದ್ದು ನೀರಿನದು.

"ಏನೂ ಮಾಡ್ದೆ ಸುಮ್ನೆ ನೇತಾಡಕ್ಕೂ ಒಂದು ಚೀಲ ಹೊಲೀಬೇಕಾ ಮಾವ?" ಅಂತ ಅವಳು ಕೇಳಿದ್ದಳು.

"ಹೂಂ. ಅದೇ ಅದರ ಕೆಲಸ."

"ಗೌರ್ಮೆಂಟ್ ಕೆಲ್ಸ ಅನ್ನು ಅಂಗಾರೆ."

ಮದುವೆಗೆ ಮೊದಲೂ ಅವಳಿಗೆ ನಾನು ಮಾವ, ಆಮೇಲೂ ಮಾವ. ಅವಳು ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಇದು ಹೊಸ ಸಂಗತಿಯಲ್ಲ. ಹೀಗಾಗಿ ನನ್ನ ಅಕ್ಕನೇ ನನಗೆ ಅತ್ತೆ. ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು, ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಮಗಳನ್ನು ಕೊಟ್ಟ ಮೇಲಾದರೂ ಅಳಿಯ ಎಂಬ ಮರ್ಯಾದೆ ಕೊಡುತ್ತಾಳೆ ಅಂದುಕೊಂಡಿದ್ದೆ. ಒಂದು ದಿನವೂ ಕೊಡಲಿಲ್ಲ. ನಮಗೆ ಮಕ್ಕಳಾಗಲಿಲ್ಲ, ಅದಕ್ಕೂ ಅವಳು ನನ್ನನ್ನೇ ಬೈದಳು, ಮಗಳನ್ನು ಬೈಯಲಿಲ್ಲ.

ಅಕ್ಕನನ್ನು ಕೊಟ್ಟದ್ದು ನಾಗಮಂಗಲದ ಕಡೆಯ ಒಂದು ಹಳ್ಳಿಗೆ. ನಮ್ಮೂರು ಪಾಂಡವಪುರದ ಪಕ್ಕ, ನಾಲೆಯ ಬುಡದಲ್ಲಿ; ಬಾವಿಯಲ್ಲಿ ಬೇಸಗೆಯಲ್ಲೂ ಕೈಗೆಟುಕುವ ನೀರು. ಅಕ್ಕನ ಊರಿನಲ್ಲಿ ಬೋರ್‌ವೆಲ್ಲೇ ಗತಿ. ಆ ನೀರು ಕಣ್ಣಿಗೆ ಚೊಕ್ಕ, ನಾಲಿಗೆಗೆ ರುಚಿ, ಒಳಗೆ ಫ್ಲೋರೈಡು. ಅದನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆಗಳು. ನನ್ನ ಹೆಂಡತಿಗೂ ಇದ್ದವು. ಫೋಟೋ ತೆಗೆಯುವಾಗ ಬಾಯಿ ಬಿಗಿಹಿಡಿಯುತ್ತಿದ್ದಳು, ನಗು ತಡೆಯಲಾಗದಿದ್ದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಕ್ಕನಿಗೆ ಹಲ್ಲು ನೆಟ್ಟಗಿದ್ದವು, ಏಕೆಂದರೆ ಅವಳು ಬೆಳೆದದ್ದು ನಮ್ಮೂರ ನೀರಿನಲ್ಲಿ. ಆದರೆ ನಲವತ್ತು ವರ್ಷ ಆ ಬೋರಿನ ನೀರು ಕುಡಿದು ಅವಳ ಮಂಡಿ ಮಡಚದ ಹಾಗಾಗಿದೆ. ಈಗ ಆ ಊರಿಗೂ ಶುದ್ಧ ನೀರಿನ ಘಟಕ ಬಂದಿದೆ, ಕ್ಯಾನು ಹಿಡಿದುಕೊಂಡು ಹೋಗಿ ತರುತ್ತಾರೆ. ಅದರೊಳಗೂ ನೀರನ್ನು ಸೋಸುವುದು ಪಾಲಿಮರಿನದೇ ಒಂದು ತೆಳು ಪೊರೆ. ಆ ಘಟಕ ಬರುವ ಹೊತ್ತಿಗೆ ನನ್ನ ಹೆಂಡತಿಯ ಹಲ್ಲು ಕೆಟ್ಟಾಗಿತ್ತು.

ಇವಳ ಹಲ್ಲು ನೋಡಿಯೇ ನಾನು ಮಣಿಯ ಕೆಲಸಕ್ಕೆ ಇಳಿದೆ ಅಂತ ಅಕ್ಕ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ನನಗೆ ಈ ಕೆಲಸ ಇಷ್ಟವಾಯಿತು, ಮಾಡಿದೆ.

ಆಷಾಢದಲ್ಲಿ ಒಂದು ಬೆಳಿಗ್ಗೆ ನನ್ನ ಹೆಂಡತಿ ತಲೆ ಸಿಡಿಯುತ್ತಿದೆ ಅಂದಳು. ಮಾತ್ರೆ ಕೊಟ್ಟು ಕಾಲೇಜಿಗೆ ಹೋದೆ. ಮಧ್ಯಾಹ್ನ ಪಕ್ಕದ ಮನೆಯವರು ಫೋನು ಮಾಡಿದರು. ಮೈಸೂರಿಗೆ ಕರೆದುಕೊಂಡು ಹೋದೆವು. ಮೆದುಳಿನಲ್ಲಿ ರಕ್ತನಾಳ ಒಡೆದಿದೆ ಅಂದರು. ಮೂರನೆಯ ದಿನ ಮುಗಿಯಿತು. ಡಾಕ್ಟರು ಏನೋ ಹೇಳುತ್ತಿದ್ದಾಗ ನಾನು ಗೋಡೆಗೆ ಹಾಕಿದ್ದ ನೀರಿನ ಫಿಲ್ಟರು ನೋಡುತ್ತಿದ್ದೆ. ಕ್ಯಾಂಡಲ್ಲು ಬದಲಾಯಿಸಿ ಬಹಳ ದಿನವಾಗಿತ್ತು. ಅದನ್ನು ಅವರಿಗೆ ಹೇಳಿದೆ ಕೂಡ. ಅವರು ನನ್ನ ಮುಖ ನೋಡಿ, "ಜೊತೇಲಿ ಬೇರೆ ಯಾರಿದ್ದಾರೆ?" ಅಂದರು.

ಹಾಲು ತುಪ್ಪ ಬಿಡುವ ದಿನ ಸುಟ್ಟ ಜಾಗದಲ್ಲಿ ಮೂಳೆ ಆಯಲು ಕೂತೆ. ನೀರು ಚಿಮುಕಿಸಿ, ಬೂದಿ ಸರಿಸಿ, ಒಂದೊಂದಾಗಿ ಎತ್ತಿದೆ. ಸುಟ್ಟ ಮೂಳೆ ಫ್ಲೋರೈಡನ್ನು ಚೆನ್ನಾಗಿ ಹಿಡಿಯುತ್ತದೆ, ನನ್ನ ಮಣಿಗಿಂತ ಚೆನ್ನಾಗಿ. ರಸಾಯನಶಾಸ್ತ್ರದವರಿಗೆಲ್ಲ ಗೊತ್ತಿರುವ ಸಂಗತಿ ಅದು. ಬೂದಿಯ ಮುಂದೆ ಕೂತಾಗ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ. ಎರಡು ಹಲ್ಲು ಸಿಕ್ಕವು. ಬೆಂದು ಬೆಳ್ಳಗಾಗಿದ್ದವು. ಗೆರೆ ಇರಲಿಲ್ಲ. ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದೆ, ಎರಡರಲ್ಲೂ ಇರಲಿಲ್ಲ. ಆಗಲಾದರೂ ಏನಾದರೂ ಆಗಬೇಕಿತ್ತು. ಎದೆಯಲ್ಲಿ ಹತ್ತಿ ತುಂಬಿದ ಹಾಗಿತ್ತು, ಅಷ್ಟೆ.

ನಮ್ಮಲ್ಲಿ ಅಸ್ಥಿಯನ್ನು ಮನೆಯೊಳಗೆ ತರುವುದಿಲ್ಲ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಮರದ ಕೊಂಬೆಗೆ ನೇತುಹಾಕಿ, ಹೊಳೆಗೆ ಒಯ್ಯುವವರೆಗೆ ಅಲ್ಲೇ ಬಿಡುತ್ತೇವೆ. ಹೆಚ್ಚೆಂದರೆ ಒಂದೆರಡು ದಿನ. ಆದರೆ ಆ ವಾರ ಕೆ.ಆರ್.ಎಸ್. ತುಂಬಿ ಬಾಗಿಲು ತೆಗೆದಿದ್ದರು. ಕಾವೇರಿ ದಡ ಮೀರಿ ಹರಿಯುತ್ತಿತ್ತು, ಶ್ರೀರಂಗಪಟ್ಟಣದಲ್ಲಿ ಯಾರನ್ನೂ ನೀರಿಗೆ ಇಳಿಯಲು ಬಿಡುತ್ತಿರಲಿಲ್ಲ. ನೀರು ಇಳಿದ ಮೇಲೆ ಬಿಟ್ಟರಾಯಿತು ಅಂತ ಹಿರಿಯರೇ ಹೇಳಿದರು. ಗಂಟನ್ನು ನಮ್ಮ ಗದ್ದೆಯ ಬದುವಿನ ಹೊಂಗೆ ಮರಕ್ಕೆ ಕಟ್ಟಿ, ಹನ್ನೊಂದನೆಯ ದಿನದ ತಿಥಿ ಮುಗಿಸಿದೆವು. ಅಕ್ಕ ನಾಗಮಂಗಲದ ಬಸ್ಸು ಹತ್ತುವಾಗ, "ನೀರಿಳೀತಿದ್ದಂಗೇ ಫೋನ್ ಮಾಡ್ಲಾ, ಬತ್ತೀನಿ," ಅಂದಳು.

ನೀರು ಇಳಿಯಿತು. ನಾನು ಫೋನು ಮಾಡಲಿಲ್ಲ.

ಯಾಕೆ ಅಂದರೆ, ಹೆದರಿಕೆ. ಎಲ್ಲರಿಗೂ ಅಳು ಬಂತು, ನನಗೆ ಬರಲಿಲ್ಲ. ಸುಡುವಾಗ ಬರಲಿಲ್ಲ, ಮೂಳೆ ಆಯುವಾಗ ಬರಲಿಲ್ಲ, ತಿಥಿಯಲ್ಲೂ ಬರಲಿಲ್ಲ. ಉಳಿದದ್ದು ಹೊಳೆಯೊಂದು. ಅಲ್ಲಿ ಬರುತ್ತದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅಲ್ಲಿಗೆ ಹೋಗಿ, ಬಿಟ್ಟು, ಆಗಲೂ ಬರದಿದ್ದರೆ ಮುಂದೆ ಏನೂ ಉಳಿಯುವುದಿಲ್ಲ. ಇಪ್ಪತ್ತೆರಡು ವರ್ಷ ಜೊತೆಯಲ್ಲಿ ಉಂಡು ಮಲಗಿದವಳು ನನಗೆ ಏನೂ ಆಗಿರಲಿಲ್ಲ ಅಂತಲೇ ಆಗಿಬಿಡುತ್ತದೆ. ಅದಕ್ಕಿಂತ ಗಂಟು ಮರದಲ್ಲೇ ಇರಲಿ ಅನ್ನಿಸಿತು. ಇದನ್ನು ಅಕ್ಕನಿಗೆ ಹೇಳುವುದು ಹೇಗೆ? ಅವಳು ಫೋನು ಮಾಡಿದಾಗ ನನ್ನ ವಿದ್ಯೆಯನ್ನೇ ಮುಂದಿಟ್ಟೆ.

"ನದಿ ನೀರು ಚೆನ್ನಾಗಿಲ್ಲ ಕಣಕ್ಕ. ಟೆಸ್ಟಿಗೆ ಹಾಕಿದ್ದೀನಿ. ರಿಪೋರ್ಟ್ ಬರಲಿ."

"ಅಂಗಾರೆ ಬ್ಯಾಡ ಬುಡು. ಕೆಟ್ಟ ನೀರ್ಗೆ ಬುಡದು ಬ್ಯಾಡ," ಅಂದಳು. ನೀರಿನ ವಿಷಯದಲ್ಲಿ ಅವಳು ನನ್ನ ಮಾತನ್ನು ಎಂದೂ ಅನುಮಾನಿಸಿದವಳಲ್ಲ. ಹದಿನೈದು ದಿನಕ್ಕೊಮ್ಮೆ ಅದೇ ಪ್ರಶ್ನೆ, "ರಿಪೋರ್ಟು ಬಂತೇನ್ಲಾ?" ಹದಿನೈದು ದಿನಕ್ಕೊಮ್ಮೆ ಅದೇ ಉತ್ತರ, "ಇನ್ನೂ ಇಲ್ಲ." ರಿಪೋರ್ಟು ದೀಪಾವಳಿಯ ಹೊತ್ತಿಗೇ ಬಂದಿತ್ತು. ಗಂಜಾಂ ಹತ್ತಿರದ ನೀರಿನಲ್ಲಿ ಬಿಟ್ಟಿದ್ದ ಮಣಿಗಳು ಹೇಳಿಕೊಳ್ಳುವಂಥದ್ದೇನೂ ಹಿಡಿದಿರಲಿಲ್ಲ. ನಾನು ಅದನ್ನು ಓದಿ ಮಡಚಿ ಮೇಜಿನ ಡ್ರಾಯರಿಗೆ ಹಾಕಿದೆ.

ಕೆಲಸ ಮಾತ್ರ ತಪ್ಪಿಸಲಿಲ್ಲ. ಎರಡು ವಾರಕ್ಕೊಂದು ಶನಿವಾರ ಬೈಕು ಹತ್ತಿ ಒಂದು ಸುತ್ತು. ಪಾಂಡವಪುರದ ನಾಲೆ, ಕೆ.ಆರ್. ಪೇಟೆಯಲ್ಲಿ ಕಿಕ್ಕೇರಿಯ ಹತ್ತಿರದ ಒಂದು ಕಾಲುವೆ, ನಾಗಮಂಗಲದಲ್ಲಿ ಅಕ್ಕನ ಊರಿನ ನೀರಿನ ತೊಟ್ಟಿ, ಶ್ರೀರಂಗಪಟ್ಟಣದಲ್ಲಿ ಗಂಜಾಂ. ಹಳೆಯ ಚೀಲ ಎತ್ತಿಕೊಂಡು ಹೊಸದು ಕಟ್ಟುವುದು. ಅವಳು ಹೊಲಿದಿಟ್ಟ ಚೀಲಗಳು ಬೀರುವಿನಲ್ಲಿ ಒಂದು ಕಟ್ಟು ಇದ್ದವು. ಪ್ರತಿ ಸಲ ಎಂಟು ಕಡಿಮೆಯಾಗುತ್ತಿದ್ದವು. ಒಗೆದು ಮತ್ತೆ ಬಳಸಬಾರದಾ ಅಂದರೆ ಬಾರದು. ಬಟ್ಟೆಯಲ್ಲಿ ಉಳಿದದ್ದು ಮುಂದಿನ ಲೆಕ್ಕ ಕೆಡಿಸುತ್ತದೆ.

ಕಿಕ್ಕೇರಿಯ ಕಾಲುವೆಯಲ್ಲಿ ಒಂದು ಸಲ ಚೀಲ ಬಿಚ್ಚಿದರೆ ಮಣಿಗಳೆಲ್ಲ ತಿಳಿನೀಲಿಯಾಗಿದ್ದವು. ಅಷ್ಟು ವರ್ಷದಲ್ಲಿ ಹಾಗೆ ಬರಿಗಣ್ಣಿಗೆ ಕಾಣುವಂತೆ ಬಣ್ಣ ಏರಿದ್ದನ್ನು ನಾನು ನೋಡಿರಲಿಲ್ಲ. ತಾಮ್ರ. ಸ್ವಲ್ಪ ಮೇಲೆ ನಡೆದು ನೋಡಿದರೆ ಒಬ್ಬರು ಸೊಂಟಮಟ್ಟ ನೀರಿನಲ್ಲಿ ನಿಂತು ಔಷಧಿ ಹೊಡೆಯುವ ಕ್ಯಾನು ತೊಳೆಯುತ್ತಿದ್ದರು. ವೀಳ್ಯದೆಲೆ ತೋಟಕ್ಕೆ ಮೈಲುತುತ್ತ, ಅಂದರೆ ತಾಮ್ರದ ಔಷಧಿ, ಹೊಡೆದು ಬಂದಿದ್ದರಂತೆ. ನನ್ನ ಕೈಯಲ್ಲಿದ್ದ ದಾರ ನೋಡಿ, "ಏನ್ ಸಾ, ಮೀನು ಬಿತ್ತಾ?" ಅಂದರು. ಬಿದ್ದದ್ದನ್ನು ತೋರಿಸಿದೆ. "ಸಂದಾಗವೆ ಕಣ್ ಸಾ. ನಮ್ಮ ಮಗಳಿಗೆ ಸರ ಪೋಣಿಸ್ಕೊಡಿ," ಅಂದು ನಕ್ಕರು. ಬೇರೆ ಕಾಲವಾಗಿದ್ದರೆ ನಾನು ಅಲ್ಲೇ ನಿಂತು ಅವರಿಗೆ ಒಂದು ಗಂಟೆ ಪಾಠ ಮಾಡುತ್ತಿದ್ದೆ, ಕ್ಯಾನನ್ನು ಎಲ್ಲಿ ತೊಳೆಯಬೇಕು ಅಂತ ಜಗಳವನ್ನೂ ಆಡುತ್ತಿದ್ದೆ. ಅವತ್ತು ನೀಲಿ ಮಣಿಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸಿ ಬೈಕು ಹತ್ತಿದೆ. ಸಂತೋಷವಾಗಬೇಕಾದ ಜಾಗದಲ್ಲೂ ಅದೇ ಹತ್ತಿ.

ಗಂಜಾಂನಲ್ಲಿ ನಾನು ಮೊದಲಿನಿಂದ ಚೀಲ ಕಟ್ಟುತ್ತಿದ್ದದ್ದು ನಿಮಿಷಾಂಬ ದೇವಸ್ಥಾನದಿಂದ ದೂರ, ಯಾರೂ ಹೋಗದ ಪೊದೆಯ ನಡುವಿನ ಒಂದು ಮರಕ್ಕೆ. ಆ ಮರವನ್ನು ಪ್ರವಾಹ ಎತ್ತಿಕೊಂಡು ಹೋಗಿತ್ತು. ಅಲ್ಲಿಂದಾಚೆಗೆ ದಡದಲ್ಲಿ ಉಳಿದಿದ್ದ ಯಾವುದೋ ಬೋಳು ಗಿಡಕ್ಕೆ ಕಟ್ಟಿ ಕಾಲ ತಳ್ಳಿದೆ. ಅದೂ ಒಣಗಿ ಮುರಿದ ಮೇಲೆ, ಸಂಕ್ರಾಂತಿ ಕಳೆದು, ಜನ ಸ್ನಾನ ಮಾಡುವ ಮೆಟ್ಟಿಲಿಗೆ ಹತ್ತಿರವಿದ್ದ ಒಂದು ಅರಳಿ ಮರಕ್ಕೆ ಕಟ್ಟಿದೆ. ಒಂದು ಚೀಲ ನೀರಿಗೆ, ಒಂದು ಎದೆಯೆತ್ತರದ ಕೊಂಬೆಗೆ. ಹೊಳೆಯ ದಡ, ಮರದ ಕೊಂಬೆ, ಬಿಳಿ ಬಟ್ಟೆಯ ಗಂಟು. ನಮ್ಮ ಸೀಮೆಯ ಯಾವ ಮಗುವನ್ನು ಕೇಳಿದರೂ ಅದೇನು ಅಂತ ಹೇಳುತ್ತಿತ್ತು. ನನ್ನ ಗದ್ದೆಯ ಬದುವಿನಲ್ಲೇ ಅಂಥದ್ದೊಂದು ಏಳು ತಿಂಗಳಿಂದ ನೇತಾಡುತ್ತಿದ್ದರೂ ನನಗೆ ಹೊಳೆಯಲಿಲ್ಲ.

ಹದಿನೈದು ದಿನದ ಮೇಲೆ ಹೋದರೆ ನೀರಿನೊಳಗಿನ ಚೀಲ ಇತ್ತು. ಕೊಂಬೆಯದು ಇರಲಿಲ್ಲ. ದಾರವನ್ನು ಯಾರೋ ಕತ್ತರಿಸದೆ ಗಂಟು ಬಿಚ್ಚಿಯೇ ತೆಗೆದಿದ್ದರು. ಕೊಂಬೆಗೆ ಅರಿಶಿನ ಹಚ್ಚಿದ್ದರು. ನನಗೆ ರೇಗಿತು. ಬಹಳ ದಿನದ ಮೇಲೆ ರೇಗಿದ್ದು, ಅದೂ ಒಂದು ಒಣ ಚೀಲಕ್ಕೆ. ಅದಿಲ್ಲದಿದ್ದರೆ ಆ ಹದಿನೈದು ದಿನದ ಗಂಜಾಂ ಲೆಕ್ಕ ದಂಡ.

ಮರದಿಂದ ಸ್ವಲ್ಪ ದೂರದಲ್ಲಿ ಒಬ್ಬ ಅಜ್ಜಿ ಹಣ್ಣುಕಾಯಿ ಮಾರುತ್ತಾ ಕೂತಿದ್ದರು. "ಅಜ್ಜಿ, ಇಲ್ಲೊಂದು ಚೀಲ ಕಟ್ಟಿದ್ದೆ, ಯಾರು ತೆಗೆದರು ನೋಡಿದ್ರಾ?" ಅಂದೆ.

ಅವರು ತಟ್ಟೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ದಾ ಅದು?"

"ಹೌದು."

"ನಾಚ್ಕೆ ಆಗಕ್ಕಿಲ್ವಾ ನಿಮ್ಗೆ? ಪ್ಯಾಂಟು ಸಲ್ಟು ಹಾಕಂಡು ಓದಿದೋರಂಗಿದೀರಿ. ಹೊಳೆ ತಂಕ ತಂದ್ಬುಟ್ಟು ನಾಕು ಮೆಟ್ಲಿಳ್ದು ಬುಡಕ್ಕಾಗ್ನಿಲ್ವಾ? ಹತ್ತು ದಿನ ನೋಡ್ದೆ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ. ಯಾರೂ ಬರ್ನಿಲ್ಲ. ಕಡೀಕೆ ನಾನೇ ಬುಟ್ಟೆ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅವರು ನನ್ನ ಚೀಲವನ್ನು ಯಾರೋ ಬಿಟ್ಟುಹೋದ ಅಸ್ಥಿ ಅಂದುಕೊಂಡಿದ್ದರು. ಹಾಲು ತುಪ್ಪ ತರಿಸಿ, ಎಳ್ಳು ಹಾಕಿ, ಆ ಮಣಿಗಳನ್ನು ಕಾವೇರಿಗೆ ಬಿಟ್ಟಿದ್ದರಂತೆ. ಅದು ಪಾಲಿಮರ್, ಸೀಗಡಿ ಚಿಪ್ಪಿನದು, ನೀರಿನ ಪರೀಕ್ಷೆಗೆ ಕಟ್ಟಿದ್ದು ಅಂತ ಹೇಳಲು ಬಾಯಿ ತೆರೆದೆ.

"ಮುಟ್ ನೋಡ್ದೆ," ಅಂದರು ಅಜ್ಜಿ. ದನಿ ಇಳಿದಿತ್ತು. "ಗರಗರ ಅಂತಿತ್ತು ಒಳಗೆ. ಇಷ್ಟೇ ಇಷ್ಟು. ಒಂದು ಜೀವ ಅಂದ್ರೆ ಇಷ್ಟೇ ಉಳ್ಕಳದಾ ಅನ್ನುಸ್ಬುಡ್ತು. ಯಾರ ಮನೇ ಮಗಳೋ, ಯಾರ ಮನೇ ಮಗನೋ. ಕೂತ್ಕಂಡು ಅತ್ಬುಟ್ಟೆ ಕಣಪ್ಪ. ಸ್ವಂತದೋರು ಅಳ್ದೆ ಇದ್ಮೇಲೆ ಯಾರಾರ ಅಳ್ಬೇಕಲ್ಲ."

ಒಂದು ಹಿಡಿ ಸೀಗಡಿ ಚಿ‍ಪ್ಪಿಗೆ ಈ ಮುದುಕಿ ಕೂತು ಅತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ನಿಜವಾಗಿ, ಮೈಯೆಲ್ಲ ಬಿಸಿಯಾಗುವಷ್ಟು ಹೊಟ್ಟೆಕಿಚ್ಚು.

"ಹೆಸ್ರು ಗೊತ್ತಿರ್ನಿಲ್ಲ. ಹೆಸ್ರು ಹೇಳ್ದೆ ಬುಟ್ಬುಟ್ಟೆ, ಅದೊಂದು ಮನಸ್ನಾಗೆ ಕೊರೀತದೆ," ಅಂದರು. "ಈಗಾರ ಹೇಳಿ. ಏನು ಹೆಸ್ರು?"

ನಾನು ನನ್ನ ಹೆಂಡತಿಯ ಹೆಸರು ಹೇಳಿದೆ.

ಯಾಕೆ ಹೇಳಿದೆ ಅಂತ ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಏಳು ತಿಂಗಳಲ್ಲಿ ಆ ಹೆಸರು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಅಜ್ಜಿ ನೆಲಕ್ಕೆ ಕೈಯೂರಿ ಎದ್ದು, ಹೊಳೆಯ ಕಡೆ ತಿರುಗಿ ನಿಂತು, ಆ ಹೆಸರನ್ನು ಗಟ್ಟಿಯಾಗಿ ಕೂಗಿ, "ಓಗ್ಬುಟ್ಟು ಬಾರವ್ವ," ಅಂದರು. ಸ್ನಾನ ಮಾಡುತ್ತಿದ್ದ ಇಬ್ಬರು ತಿರುಗಿ ನೋಡಿದರು. ನಾನು ಒದ್ದೆ ಚೀಲವನ್ನೂ ಬಿಚ್ಚಿಕೊಳ್ಳದೆ ಬೈಕಿನ ಹತ್ತಿರ ಬಂದೆ.

ಅಲ್ಲಿಂದ ನೇರ ನಾಗಮಂಗಲದ ಹಾದಿ ಹಿಡಿದೆ. ಅಕ್ಕ ಜಗುಲಿಯಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು, "ಇವತ್ತು ತೊಟ್ಟಿ ನೀರು ನೋಡೋ ದಿನಾನೇನ್ಲಾ?" ಅಂದಳು.

"ಅದಿರ್ಲಿ. ನಾಳೆ ಹೊಳೆಗೆ ಹೋಗಾನ ಬಾ ಅಕ್ಕ."

ಅವಳ ಕೈ ನಿಂತಿತು. ಯಾಕೆ, ಏನು, ರಿಪೋರ್ಟು ಬಂತಾ, ಏನೂ ಕೇಳಲಿಲ್ಲ. ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆ ಮಾಡಿ, ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಒಂದು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಬಂದಳು.

ಮಾರನೆಯ ದಿನ ಭಾನುವಾರ. ಹೊತ್ತು ಹುಟ್ಟಿದ ಮೇಲೆ ಗದ್ದೆಗೆ ಹೋದೆವು. ಗಂಟು ಮಳೆ ಬಿಸಿಲಿಗೆ ಸಿಕ್ಕು ಬೂದು ಬಣ್ಣಕ್ಕೆ ತಿರುಗಿತ್ತು. ದಾರದ ಗಂಟು ಬಿಗಿದುಹೋಗಿ ಬಿಚ್ಚಲಾಗಲಿಲ್ಲ. ನಾನು ಕುಡುಗೋಲು ತರಲು ಹೊರಟರೆ ಅಕ್ಕ ತಡೆದಳು. ಅವಳೇ ನಿಂತು, ಉಗುರಿನಿಂದ ಎಳೆ ಎಳೆಯಾಗಿ ಬಿಡಿಸಿದಳು. ನಾನು ನೋಡುತ್ತಾ ನಿಂತೆ. ಆಟೋದಲ್ಲಿ ಗಂಜಾಂವರೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳೂ ಅವಳೇ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ನಾನು ಒಳಗೊಳಗೇ ನನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಏನೂ ಇರಲಿಲ್ಲ. ಹೆದರಿದ್ದೇ ಆಯಿತು ಅಂದುಕೊಂಡೆ.

ಜನ ಕಡಿಮೆಯಿದ್ದ ಕಡೆ ಮೆಟ್ಟಿಲಿಳಿದೆವು. ಅಕ್ಕನ ಮಂಡಿ ಮಡಚುವುದಿಲ್ಲವಲ್ಲ, ಒಂದೊಂದು ಮೆಟ್ಟಿಲಿಗೂ ನನ್ನ ಭುಜದ ಮೇಲೆ ಭಾರ ಬಿಟ್ಟು, ಕಾಲನ್ನು ಅಡ್ಡ ಎಳೆದು ಇಳಿಸಿದಳು. ಕಡೆಯ ಮೆಟ್ಟಿಲಿನಲ್ಲಿ ಪಾದ ಮುಳುಗಿದ ಮೇಲೆ ನಿಂತಳು. ನಾನು ಇನ್ನೆರಡು ಹೆಜ್ಜೆ ಮುಂದೆ, ಸೊಂಟಮಟ್ಟ ನೀರಿನಲ್ಲಿ. ಹಾಲು ತುಪ್ಪ ಬಿಟ್ಟೆವು. ಗಂಟು ಕೊಡು ಅಂತ ಕೈ ಚಾಚಿದೆ.

ಅವಳು ಕೊಡಲಿಲ್ಲ. ನೀರನ್ನೇ ನೋಡುತ್ತಾ ಕೇಳಿದಳು, "ನೀರು ಚೆನ್ನಾಗದೇನ್ಲಾ?"

"ಚೆನ್ನಾಗದೆ ಕಣಕ್ಕ."

"ರಿಪೋರ್ಟು ಬಂತಾ?"

"ದೀಪಾವಳಿಗೇ ಬಂದಿತ್ತು. ನಿಂಗೆ ಸುಳ್ಳು ಹೇಳ್ದೆ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಒಂದು ಕೈಯಲ್ಲಿ ಗಂಟು ಹಿಡಿದೇ ಬಗ್ಗಿ, ಇನ್ನೊಂದು ಕೈಯಲ್ಲಿ ಒಂದಿಷ್ಟು ನೀರೆತ್ತಿ, ಹತ್ತಿರ ಹಿಡಿದು ನೋಡಿ, ಬಾಯಿಗೆ ಹಾಕಿಕೊಂಡು ಕುಡಿದಳು. ಆಮೇಲೆ ನಿಧಾನವಾಗಿ ಹೇಳಿದಳು.

"ಇವಳ್ನ ನಿಂಗ್ಯಾಕೆ ಕೊಟ್ಟೆ ಗೊತ್ತೇನ್ಲಾ? ತಮ್ಮ ಅಂತ ಅಲ್ಲ. ಮೇಷ್ಟ್ರು ಅಂತಾನೂ ಅಲ್ಲ. ನಿಮ್ಮ ಭಾವಂಗೆ ಮನಸ್ಸೇ ಇರ್ನಿಲ್ಲ, ಬೇರೆ ಕಡೆ ನೋಡಿದ್ರು. ನಾನೇ ಹಟ ಹಿಡ್ದೆ. ನಮ್ಮೂರಾಗೆ ಒಳ್ಳೆ ನೀರದೆ, ಇರೋ ಒಬ್ಳು ಮಗಳು ಅದುನ್ನಾರ ಕುಡ್ಕಂಡು ಬಾಳ್ಲಿ ಅಂತ. ನೀರು ನೋಡಿ ಕೊಟ್ಟೆ ಕಣ್ಲಾ."

ಗಂಟನ್ನು ನನ್ನ ಎರಡೂ ಕೈಗೆ ಇಟ್ಟಳು. ಮದುವೆಯಲ್ಲಿ ಧಾರೆ ಎರೆಯುವಾಗ ಮಗಳ ಕೈಯನ್ನು ಇಟ್ಟ ಹಾಗೆಯೇ, ತನ್ನ ಕೈಯನ್ನೂ ಅದರ ಮೇಲಿಟ್ಟು.

"ಈಗ್ಲೂ ಒಳ್ಳೆ ನೀರ್ಗೇ ಕೊಡಾನ. ಬುಡು," ಅಂದಳು.

ನಾನು ಬಿಡಲಿಲ್ಲ. ಎರಡು ಹಲ್ಲು, ಒಂದು ಹಿಡಿ ಮೂಳೆ, ಅಷ್ಟರ ಭಾರಕ್ಕೆ ನನ್ನ ತೋಳು ಜಗ್ಗಿ ಹೋಗುತ್ತಿತ್ತು. ಅವಳು ಸತ್ತಿದ್ದಾಳೆ. ಇದು ನನಗೆ ಗೊತ್ತಾದದ್ದು ಆಷಾಢದಲ್ಲಲ್ಲ, ಮೈಸೂರಿನಲ್ಲಲ್ಲ, ಆ ಸೊಂಟಮಟ್ಟ ನೀರಿನಲ್ಲಿ. ಗಂಟಲಿನಿಂದ ಏನೋ ಸದ್ದು ಬಂತು, ನನ್ನದೇ ಅಂತ ಮೊದಲು ತಿಳಿಯಲಿಲ್ಲ. "ಬ್ಯಾಡ ಅಕ್ಕ," ಅಂದೆ. "ಬ್ಯಾಡ. ಇನ್ನೊಂದು ನಾಕು ದಿನ ಇರ್ಲಿ." ಐವತ್ತು ದಾಟಿದ ಗಂಡಸು, ಹೊಳೆಯಲ್ಲಿ ನಿಂತು, ಹುಡುಗನ ಹಾಗೆ ಬೇಡುತ್ತಿದ್ದೆ.

ಅಕ್ಕನ ಕೈ ಹಾಗೇ ಇತ್ತು, ನನ್ನ ಕೈಯ ಮೇಲೆ. ಒತ್ತಲೂ ಇಲ್ಲ, ತೆಗೆಯಲೂ ಇಲ್ಲ.

"ಆಯ್ತು," ಅಂದಳು. "ನಿಂಗಾದಾಗ ಬುಡು. ನಾನೆಲ್ಲೂ ಓಗಕ್ಕಿಲ್ಲ."

ಬಿಸಿಲು ಮೆಟ್ಟಿಲು ಏರುವವರೆಗೆ ನಾವಿಬ್ಬರೂ ಹಾಗೇ ನಿಂತಿದ್ದೆವು. ಆಮೇಲೆ ಬಿಟ್ಟೆ.